ಮೂರನೆಯ ದೀಪ

ಟಮಾಲೆ
9 ಜನವರಿ 2011

ನ್ಯಾನಿಬಾಳ ತಾಯಿಗೆ,

ಈ ಪತ್ರದ ಜೊತೆ ಒಂದು ರಟ್ಟಿನ ಡಬ್ಬ ಬಂದಿರಬೇಕು. ಬಸ್ ಡ್ರೈವರನ ಕೈಗೇ ಕೊಟ್ಟಿದ್ದೇನೆ. ಕುಮಾಸಿಯಲ್ಲಿ ಬಸ್ಸು ಬದಲಾಗುತ್ತದೆ, ಅಲ್ಲಿ ಸಾಮಾನು ತುಳಿಯದೆ ಬಿಡುವವರಲ್ಲ. ಡಬ್ಬ ಜಜ್ಜಿ ಹೋಗಿದ್ದರೂ ಒಳಗಿನದು ಚೆನ್ನಾಗಿರುತ್ತದೆ, ಬಟ್ಟೆ ಸುತ್ತಿದ್ದೇನೆ.

ನವೆಂಬರಿನಲ್ಲಿ ನಿನ್ನ ಸೋದರಮಾವ ಕ್ವಾಮೆನಾ ಅವರ ಅಂಗಳದಲ್ಲಿ ಹಿರಿಯರು ಹೇಳಿದ್ದನ್ನು ನಾನು ಮರೆತಿಲ್ಲ. ನಾವಿಬ್ಬರೂ ಫೋನಿನಲ್ಲಿ ಮಾತಾಡಬಾರದು, ಆಡಿದರೆ ಬೈಗುಳಕ್ಕೇ ಹೋಗಿ ನಿಲ್ಲುತ್ತದೆ. ಹೇಳುವುದೇನಿದ್ದರೂ ತಾರೀಖು ಹಾಕಿ ಬರೆದು ಕಳಿಸಬೇಕು. ಮಗಳನ್ನು ಮಾತ್ರ ಪ್ರತಿ ಭಾನುವಾರ ನಾಲ್ಕರಿಂದ ಐದರವರೆಗೆ ಕಂಪ್ಯೂಟರಿನಲ್ಲಿ ಮುಖ ನೋಡಿ ಮಾತಾಡಿಸಬಹುದು. ಆ ಒಂದು ಗಂಟೆಗಾಗಿ ಈ ಪೆಟ್ಟಿಗೆ.

ನಾನು ಬಿಟ್ಟುಬಂದ ಕಂಪ್ಯೂಟರಿಗೆ ವೈಫೈ ಹಿಡಿಯಲು ಬರುವುದಿಲ್ಲ, ತಂತಿಯಲ್ಲಿ ಕೊಟ್ಟರೆ ಮಾತ್ರ ತೆಗೆದುಕೊಳ್ಳುತ್ತದೆ. ಮಹಡಿಯ ಮೇಲೆ ನಿನ್ನ ಮನೆಯೊಡೆಯ ಎಶುನ್ ಸಾಹೇಬರಿಗೆ ವೈಫೈ ಇದೆ, ಆದರೆ ಗೋಡೆ ಕೊರೆದು ತಂತಿ ಎಳೆಯಲು ಆ ಮನುಷ್ಯ ಸತ್ತರೂ ಬಿಡುವುದಿಲ್ಲ. ಈ ಪೆಟ್ಟಿಗೆಗೆ ಆಕ್ಸೆಸ್ ಪಾಯಿಂಟ್ ಅನ್ನುತ್ತಾರೆ. ಮನೆ ತುಂಬ ವೈಫೈ ಹರಡುವುದು ಇದರ ಮಾಮೂಲಿ ಕೆಲಸ. ನಮಗೆ ಬೇಕಾದದ್ದು ಅದರ ಉಲ್ಟಾ. ಮೇಲಿನ ಮನೆಯ ವೈಫೈಯನ್ನು ಇದು ಹಿಡಿಯಬೇಕು, ಹಿಡಿದು ತಂತಿಯ ಮೂಲಕ ಕಂಪ್ಯೂಟರಿಗೆ ಕೊಡಬೇಕು.

ಮೊದಲು ನೀಲಿ ತಂತಿಯಿಂದ ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಜೋಡಿಸು. ಕಂಪ್ಯೂಟರಿಗೆ ತಾತ್ಕಾಲಿಕವಾಗಿ ಒಂದು ನಂಬರು ಕೊಡಬೇಕು, ಎಲ್ಲಿ, ಏನು ಎಂದು ಬೇರೆ ಹಾಳೆಯಲ್ಲಿ ಚಿತ್ರ ಬರೆದಿಟ್ಟಿದ್ದೇನೆ. ಆಮೇಲೆ ಇಂಟರ್ನೆಟ್ ನೋಡುವ ಕಿಟಕಿಯಲ್ಲಿ ಪೆಟ್ಟಿಗೆಯ ನಂಬರು 192.168.1.1 ಎಂದು ಒತ್ತಿದರೆ ಅದರ ಪುಟ ತೆರೆಯುತ್ತದೆ. ಅಲ್ಲಿ ಕೆಲಸದ ರೀತಿಯನ್ನು 'ಕ್ಲೈಂಟ್' ಎಂದು ಬದಲಿಸು. ಹುಡುಕು ಎಂದರೆ ಸುತ್ತಮುತ್ತಲಿನ ವೈಫೈಗಳ ಪಟ್ಟಿ ಬರುತ್ತದೆ. ಎಶುನ್ ಸಾಹೇಬರದ್ದನ್ನು ಆರಿಸಿ ಅವರ ಪಾಸ್‌ವರ್ಡ್ ಹಾಕಿ ಉಳಿಸು. ಕೊನೆಗೆ ಕಂಪ್ಯೂಟರಿನ ನಂಬರನ್ನು ಮೊದಲಿದ್ದ ಹಾಗೆ ಬಿಟ್ಟುಬಿಡು.

ಪೆಟ್ಟಿಗೆಯ ಮುಂದೆ ಮೂರು ದೀಪಗಳಿವೆ. ಒಂದು ಕರೆಂಟಿನದು, ಎರಡನೆಯದು ವೈಫೈ ಸಿಕ್ಕಿತು ಅನ್ನುವುದಕ್ಕೆ, ಮೂರನೆಯದು ತಂತಿಯದು. ಮೂರೂ ಉರಿದರೆ ಗೆದ್ದೆವು.

ನಮ್ಮವ್ವನಿಗೆ ಮುತ್ತು ಕೊಡು. ನನ್ನ ತಾಯಿಯ ಹೆಸರಿನವಳು, ನಾನು ಅವಳನ್ನು ಅವ್ವ ಅನ್ನದೆ ಇನ್ನೇನನ್ನಲಿ.

ಫಿಫಿ

*

ಕೇಪ್ ಕೋಸ್ಟ್
24 ಜನವರಿ 2011

ನ್ಯಾನಿಬಾಳ ತಂದೆಗೆ,

ಡಬ್ಬ ತಲುಪಿತು. ನಿನ್ನ ಹಾಳೆಯಲ್ಲಿ ಎರಡು ಕಡೆ ನಂಬರು ತಪ್ಪಾಗಿತ್ತು, ಕೆಂಪು ಮಸಿಯಲ್ಲಿ ತಿದ್ದಿಕೊಂಡೆ. ದಿನವಿಡೀ ಮುದ್ರಣಾಲಯದಲ್ಲಿ ಬೇರೆಯವರ ಕರಡು ತಿದ್ದಿ ಮನೆಗೆ ಬಂದು ನಿನ್ನದನ್ನೂ ತಿದ್ದಬೇಕಾಯಿತು.

ಎಶುನ್ ಸಾಹೇಬರ ಹತ್ತಿರ ಪಾಸ್‌ವರ್ಡ್ ಕೇಳಲು ಮೂರು ಸಲ ಮೆಟ್ಟಿಲು ಹತ್ತಿದೆ. "ನಿನ್ನ ಗಂಡ ನೋಡೋಕೆ ನನ್ನ ಇಂಟರ್ನೆಟ್ ಯಾಕಮ್ಮ ಕೊಡ್ಲಿ?" ಅಂದರು. "ಅವನೀಗ ನನ್ನ ಗಂಡ ಅಲ್ಲ ಸಾರ್" ಅಂದೆ. "ಹಾಗಿದ್ರೆ ಇನ್ನೂ ಯಾಕೆ ಕೊಡ್ಲಿ?" ಅಂದರು. ಕೊನೆಗೆ ಅವರ ಚರ್ಚಿನ ಐವತ್ತು ವರ್ಷದ ಸ್ಮರಣ ಸಂಚಿಕೆಯ ಕರಡನ್ನು ನಾನು ಬಿಟ್ಟಿಯಾಗಿ ನೋಡಿಕೊಡುವುದೆಂದು ತೀರ್ಮಾನವಾಯಿತು. ಪಾಸ್‌ವರ್ಡನ್ನು ಬಾಗಿಲು ಹಾಕಿಕೊಂಡು ಕಿವಿಯಲ್ಲಿ ಹೇಳಿದರು.

ನೀನು ಹೇಳಿದಂತೆ ಎಲ್ಲ ಮಾಡಿದೆ. ಎರಡನೆಯ ದೀಪವೂ ಹತ್ತಿತು. ಆದರೆ ಇಂಟರ್ನೆಟ್ ಬರಲಿಲ್ಲ. ಅದೇ ನಂಬರು ಮತ್ತೆ ಒತ್ತಿದರೆ ಪೆಟ್ಟಿಗೆಯ ಪುಟದ ಬದಲು ಇನ್ನಾವುದೋ ಪುಟ ತೆರೆಯುತ್ತದೆ. ಅದರಲ್ಲಿ ಎಶುನ್ ಸಾಹೇಬರ ಹೆಸರಿದೆ. ಹೆದರಿ ಮುಚ್ಚಿಬಿಟ್ಟೆ.

ನ್ಯಾನಿಬಾ ನನಗಿಂತ ಚುರುಕು. ಮೌಸ್ ನನ್ನ ಕೈಯಿಂದ ಕಸಿದುಕೊಂಡು ಅವಳೇ ಎಲ್ಲ ಮಾಡಿದಳು. ಎರಡು ಭಾನುವಾರವೂ ಮೂರೂವರೆಗೇ ಸ್ನಾನ ಮಾಡಿ ಇಸ್ತ್ರಿ ಬಟ್ಟೆ ಹಾಕಿ ಕುರ್ಚಿಯಲ್ಲಿ ಕೂತಿದ್ದಳು. ಇದನ್ನು ಬರೆಯಬಾರದೆಂದುಕೊಂಡಿದ್ದೆ.

ಅರಬಾ

*

ಟಮಾಲೆ
1 ಫೆಬ್ರವರಿ 2011

ನ್ಯಾನಿಬಾಳ ತಾಯಿಗೆ,

ತಪ್ಪು ನನ್ನದೇ. ನಿನ್ನ ಪೆಟ್ಟಿಗೆಗೂ ಎಶುನ್ ಸಾಹೇಬರ ಯಂತ್ರಕ್ಕೂ ಕಾರ್ಖಾನೆಯಲ್ಲೇ ಒಂದೇ ನಂಬರು ಹಾಕಿ ಕಳಿಸಿದ್ದಾರೆ. ಕಂಪ್ಯೂಟರು ಕರೆದರೆ ಎರಡರಲ್ಲಿ ಯಾವುದು ಓಗೊಡಬೇಕೋ ತಿಳಿಯದೆ ಗೊಂದಲವಾಗುತ್ತದೆ. ಪೆಟ್ಟಿಗೆಯ ಹಿಂದಿನ ಸಣ್ಣ ತೂತಿನಲ್ಲಿ ಗುಂಡುಸೂಜಿ ಚುಚ್ಚಿ ಹತ್ತು ಎಣಿಸುವವರೆಗೆ ಒತ್ತಿಹಿಡಿ. ಅದು ಎಲ್ಲವನ್ನೂ ಮರೆತು ಹೊಸದಾಗುತ್ತದೆ. ಈ ಸಲ ವೈಫೈ ಹುಡುಕುವ ಮೊದಲೇ ಪೆಟ್ಟಿಗೆಯ ನಂಬರಿನ ಕೊನೆಯ ಒಂದನ್ನು ತೆಗೆದು 254 ಎಂದು ಹಾಕು. ಉಳಿದದ್ದು ಮೊದಲಿನಂತೆಯೇ.

ಆ ಎರಡು ಭಾನುವಾರ ನಾನೂ ಇಲ್ಲಿ ಅಂಗಡಿಯಿಂದ ಬೇಗ ಬಂದು ಗಡ್ಡ ಕೆರೆದುಕೊಂಡು ಕೂತಿದ್ದೆ. ಬರೆಯಬಾರದೆಂದು ನೀನು ಅಂದುಕೊಂಡದ್ದನ್ನು ಬರೆದೆಯಲ್ಲ, ಅದಕ್ಕೆ ನಿನಗೆ ಒಳ್ಳೆಯದಾಗಲಿ. ಮೌಸ್ ಅವ್ವನ ಕೈಗೇ ಕೊಡು.

ಫಿಫಿ

*

ಟಮಾಲೆ
14 ಫೆಬ್ರವರಿ 2011

ಅರಬಾ,

ನಿನ್ನೆ ಕಂಡಳು. ಹನ್ನೊಂದು ನಿಮಿಷ. ಮೊದಲು ಕಪ್ಪು ಪರದೆ, ಆಮೇಲೆ ನಿನ್ನ ಗೋಡೆಯ ಮೇಲಿನ ಕ್ಯಾಲೆಂಡರು, ಆಮೇಲೆ ಅವಳ ಹಣೆ. ಸ್ಕೂಲಿಗೆಂದು ತಲೆ ಸಣ್ಣಗೆ ಕತ್ತರಿಸಿದ್ದೀಯ, ಥೇಟ್ ನನ್ನ ತಾಯಿಯೇ ಬಂದು ಕೂತ ಹಾಗಿತ್ತು. "ಅಪ್ಪ, ನೀನು ದಪ್ಪ ಆಗಿದ್ದೀಯ" ಅಂದಳು. "ಇಲ್ಲಿಯ ಅಡುಗೆ ಅವ್ವ" ಅಂದೆ. "ಯಾರು ಮಾಡ್ತಾರೆ?" ಅಂದಳು. ನಕ್ಕೆ. ಗಣಿತದಲ್ಲಿ ತರಗತಿಗೇ ಎರಡನೆಯವಳಂತೆ. ಪುಸ್ತಕ ತಂದು ಕ್ಯಾಮೆರಾಕ್ಕೆ ಹಿಡಿದು ಒಂದೊಂದೇ ಪುಟ ತೋರಿಸುತ್ತಿದ್ದಳು. ಅಷ್ಟರಲ್ಲಿ ಕಡಿದುಹೋಯಿತು. ಐದರವರೆಗೂ ಕಾದೆ, ಮತ್ತೆ ಬರಲಿಲ್ಲ.

ಸಿಗ್ನಲ್ ಕಮ್ಮಿ ಇರಬೇಕು. ಪೆಟ್ಟಿಗೆಯನ್ನು ಕಿಟಕಿಯ ಹತ್ತಿರ, ಮೇಲಿನ ಮಹಡಿಗೆ ಮುಖ ಮಾಡಿ ಇಡು. ನನ್ನ ಕಡೆ ಆಗ ಸ್ವಲ್ಪ ಗಲಾಟೆಯೂ ಇತ್ತು, ಪಕ್ಕದ ಮನೆಯ ಮಕ್ಕಳು. ಮುಂದಿನ ವಾರ ಬಾಗಿಲು ಹಾಕಿಕೊಂಡು ಕೂರುತ್ತೇನೆ.

ಆಮೇಲೆ ಅವಳು ನನ್ನ ಬಗ್ಗೆ ಏನಂದಳು? ತಪ್ಪದೆ ಬರೆ.

ಫಿಫಿ

*

ಕೇಪ್ ಕೋಸ್ಟ್
3 ಮಾರ್ಚ್ 2011

ನ್ಯಾನಿಬಾಳ ತಂದೆಗೆ,

ಅಂದಿನಿಂದ ಬರುತ್ತಿಲ್ಲ. ಕಿಟಕಿಯ ಹತ್ತಿರ ಇಟ್ಟೆ. ಮೊದಲನೆಯ ದೀಪ ಉರಿಯುತ್ತದೆ, ಎರಡನೆಯದೂ ಉರಿಯುತ್ತದೆ. ಮೂರನೆಯದು ಉರಿಯುವುದಿಲ್ಲ. ಮುಂದಿನ ಭಾನುವಾರಗಳಲ್ಲಿ ಕಾಯಬೇಡ.

ಆ ದಿನ ನಿನ್ನ ಮನೆಯಲ್ಲಿ ಯಾರಿದ್ದರು? ನವೆಂಬರಿನಲ್ಲಿ ಹಿರಿಯರು ಕೇಳಿದಾಗ, ಅಲ್ಲಿರುವುದು ನೀನು ಮತ್ತು ರಹಿನಾತು ಇಬ್ಬರೇ, ಬೇರೆ ಯಾರೂ ಇಲ್ಲ ಎಂದು ನೀನು ಹೇಳಿದ್ದೆ. ರಹಿನಾತುವಿನ ವಿಷಯ ನನಗೆ ಗೊತ್ತಾಗಿಯೇ ನಾವು ಬೇರೆಯಾದದ್ದು, ಅದನ್ನು ಈಗ ಕೆದಕುತ್ತಿಲ್ಲ. ಬೇರೆ ಯಾರಾದರೂ ಇದ್ದಾರೆಯೇ ಎಂದಷ್ಟೇ ಕೇಳುತ್ತಿದ್ದೇನೆ.

ಅವಳು ಏನಂದಳು ಎಂದು ಕೇಳಿದ್ದೀಯ. ಏನೂ ಅನ್ನಲಿಲ್ಲ.

ಅರಬಾ

*

ಟಮಾಲೆ
10 ಮಾರ್ಚ್ 2011

ನ್ಯಾನಿಬಾಳ ತಾಯಿಗೆ,

ಮೂರನೆಯ ದೀಪ ಉರಿಯದಿದ್ದರೆ ತೊಂದರೆ ತಂತಿಯಲ್ಲಿದೆ. ತುದಿ ಸಡಿಲವಾಗಿರಬಹುದು, ಇಲಿ ಕಡಿದಿರಬಹುದು. ಹೊಸ ತಂತಿ ಕಳಿಸುತ್ತಿದ್ದೇನೆ, ಬಿಳಿಯದು. ಅಂಗಡಿಯಲ್ಲಿ ನಾನೇ ಹಾಕಿ ನೋಡಿದ್ದೇನೆ, ಏನೂ ದೋಷವಿಲ್ಲ. ಚಿಟ್ ಎಂದು ಸದ್ದು ಬರುವವರೆಗೆ ಒತ್ತು.

ನನ್ನ ಮನೆಯಲ್ಲಿ ಯಾರಿದ್ದರೆ ನಿನಗೇನು? ಪಕ್ಕದ ಮನೆಯ ಮಕ್ಕಳು ಎಂದು ಬರೆದಿದ್ದೆನಲ್ಲ. ನಾನು ಮಗಳ ಬಗ್ಗೆ ಕೇಳಿದರೆ ನೀನು ನನ್ನ ಮನೆಯ ಬಗ್ಗೆ ಕೇಳುತ್ತೀಯ. ಈ ಚಾಳಿ ಬಿಡಲಿಲ್ಲ ನೀನು.

ಅವಳ ಹುಟ್ಟುಹಬ್ಬ ಹತ್ತಿರ ಬಂತು. ಅಷ್ಟರೊಳಗೆ ಸರಿಯಾಗಬೇಕು.

ಫಿಫಿ

*

ಕೇಪ್ ಕೋಸ್ಟ್
28 ಮಾರ್ಚ್ 2011

ನ್ಯಾನಿಬಾಳ ತಂದೆಗೆ,

ಬಿಳಿ ತಂತಿ ಹಾಕಿದೆ. ಆಗಲಿಲ್ಲ. ಸೂಜಿ ಚುಚ್ಚಿದೆ, ಮೊದಲಿನಿಂದ ಎಲ್ಲ ಮಾಡಿದೆ. ಆಗಲಿಲ್ಲ. ದಯವಿಟ್ಟು ಇನ್ನು ತಂತಿ ಕಳಿಸಬೇಡ.

ಒಂದು ಮಾತು ಹೇಳುತ್ತೇನೆ, ಸಿಟ್ಟಾಗದೆ ಓದು. ನ್ಯಾನಿಬಾಳಿಗೆ ನೀನೇ ಒಂದು ಪತ್ರ ಬರೆ. ನನಗಲ್ಲ, ಅವಳ ಹೆಸರಿಗೆ. ಅದರಲ್ಲಿ ಆಟದ ಮಾತು ಬೇಡ. ನಿನ್ನ ಮನೆಯಲ್ಲಿ ಯಾರು ಯಾರಿದ್ದಾರೆ, ಅವರ ಹೆಸರೇನು, ಎಷ್ಟು ವರ್ಷ, ಎಲ್ಲವನ್ನೂ ಬರೆ. ಅವಳಿಗೆ ಹನ್ನೊಂದು ತುಂಬಿತು. ಇದ್ದದ್ದನ್ನು ನಿನ್ನ ಬಾಯಿಂದ ಕೇಳಿದರೆ ತಡೆದುಕೊಳ್ಳುತ್ತಾಳೆ.

ಈ ಪತ್ರ ಬೇಗ ಬರೆದರೆ ಒಳ್ಳೆಯದು. ತಡವಾದಷ್ಟೂ ಅದರ ಬೆಲೆ ಕಮ್ಮಿಯಾಗುತ್ತದೆ.

ಅರಬಾ

*

ಟಮಾಲೆ
6 ಏಪ್ರಿಲ್ 2011

ಅರಬಾ,

ಈಗ ಗೊತ್ತಾಯಿತು. ನನ್ನ ಮನೆಯ ಲೆಕ್ಕವನ್ನು ನನ್ನ ಕೈಯಿಂದಲೇ ಬರೆಸಿಕೊಂಡು ಹಿರಿಯರ ಮುಂದೆ ಇಡಬೇಕು, ಭಾನುವಾರದ ಒಂದು ಗಂಟೆಯನ್ನೂ ಕಿತ್ತುಕೊಳ್ಳಬೇಕು. ಅದಕ್ಕೆ ಮಗುವನ್ನು ಮುಂದೆ ಮಾಡಿದ್ದೀಯ.

ಹದಿನಾರು ವರ್ಷದಿಂದ ಕಂಪ್ಯೂಟರ್ ರಿಪೇರಿಯ ಕೆಲಸ ಮಾಡುತ್ತಿದ್ದೇನೆ, ನನಗೆ ಕಿವಿಯ ಮೇಲೆ ಹೂವು ಇಡಬೇಡ. ಎರಡನೆಯ ದೀಪ ಉರಿಯುತ್ತಿದೆ ಎಂದು ನೀನೇ ಬರೆದೆ. ಅಂದರೆ ಪೆಟ್ಟಿಗೆಗೆ ಎಶುನ್ ಸಾಹೇಬರ ವೈಫೈ ಸಿಕ್ಕಿದೆ, ಪಾಸ್‌ವರ್ಡೂ ಸರಿ ಇದೆ. ಮೂರನೆಯ ದೀಪ ಮಾತ್ರ ಇಲ್ಲ. ಒಂದು ತಂತಿ ಕೆಟ್ಟಿತು ಅನ್ನೋಣ. ನಾನೇ ಪರೀಕ್ಷೆ ಮಾಡಿ ಕಳಿಸಿದ ಎರಡನೆಯದೂ ಹೇಗೆ ಕೆಡುತ್ತದೆ? ತಂತಿ ಕೆಟ್ಟಿಲ್ಲ. ಯಾರೋ ಅದನ್ನು ಕಿತ್ತಿಡುತ್ತಿದ್ದಾರೆ.

ಆ ಕೋಣೆಯಲ್ಲಿ ಇರುವವರು ಇಬ್ಬರು. ಅಪ್ಪನ ಮುಖ ನೋಡಲು ಇಸ್ತ್ರಿ ಬಟ್ಟೆ ಹಾಕಿ ಕಾಯುವ ಮಗು ತಂತಿ ಕೀಳುವುದಿಲ್ಲ. ಉಳಿದವಳು ನೀನು.

ಇದನ್ನೆಲ್ಲ ಬರೆದು ಕ್ವಾಮೆನಾ ಮಾವನಿಗೂ ಒಂದು ಪತ್ರ ಹಾಕಿದ್ದೇನೆ. ಈಸ್ಟರಿಗೆ ನನ್ನ ಅಣ್ಣ ಎಬೋ ನನ್ನ ಪರವಾಗಿ ಬರುತ್ತಾನೆ. ಅವರ ಮುಂದೆ ಉತ್ತರ ಕೊಡು.

ಫಿಫಿ

*

ಕೇಪ್ ಕೋಸ್ಟ್
3 ಮೇ 2011

ಫಿಫಿ,

ನಿನ್ನ ಅಣ್ಣ ಹೇಳಿರುತ್ತಾರೆ. ಆದರೂ ತಾರೀಖು ಹಾಕಿ ಬರೆಯಬೇಕೆಂಬ ಮಾತಿದೆಯಲ್ಲ, ಬರೆಯುತ್ತೇನೆ.

ಈಸ್ಟರ್ ಸೋಮವಾರ ಮಾವನ ಅಂಗಳದಲ್ಲಿ ಏಳು ಜನ ಸೇರಿದ್ದರು. ಎಬೋ ಬಾವ ನಿನ್ನ ಪತ್ರ ಓದಿದರು. ದೀಪಗಳ ವಿಷಯ ಎರಡು ಸಲ ಓದಿಸಿದರು ಮಾವ. ಆಮೇಲೆ ನನ್ನ ಕಡೆ ತಿರುಗಿ, "ಅರಬಾ, ಆ ಮನುಷ್ಯ ಕೆಟ್ಟವನೇ ಇರಬಹುದು. ಆದರೆ ಈ ಅಂಗಳದಲ್ಲಿ ಮಾತು ಕೊಟ್ಟೋರು ನಾವು. ತಂತಿ ಯಾರು ಕಿತ್ತಿದ್ದು?" ಅಂದರು.

ನ್ಯಾನಿಬಾ ಎಲ್ಲರಿಗೂ ನೀರು ಕೊಡುತ್ತಿದ್ದಳು. ತಟ್ಟೆ ಹಿಡಿದು ನಿಂತುಬಿಟ್ಟಳು.

"ನಾನೇ" ಅಂದೆ.

"ಯಾಕೆ?"

"ಸಿಟ್ಟಿಗೆ."

"ಎಷ್ಟು ಸಲ?"

"ಪ್ರತಿ ಭಾನುವಾರ."

ನಮ್ಮ ಚಿಕ್ಕಮ್ಮ ತಲೆ ತಲೆ ಚಚ್ಚಿಕೊಂಡಳು. "ನಿನ್ನನ್ನ ಅಷ್ಟು ಓದಿಸಿದ್ದು ಇದಕ್ಕೇನೇ? ಗಂಡನ ಮೇಲಿನ ಸಿಟ್ಟು ಮಗೂ ಮೇಲೆ ತೀರಿಸ್ಕೊಳ್ಳೋದಕ್ಕೆ?" ಅಂದಳು. ಕ್ಷಮೆ ಕೇಳಿ ದಂಡವಾಗಿ ಎರಡು ಬಾಟಲಿ ಜಿನ್ ಇಡಬೇಕೆಂದರು, ಇಟ್ಟೆ. ಎಬೋ ಬಾವ ನಿನ್ನ ಪರವಾಗಿ, ತೀರಿಹೋದ ಹಿರಿಯರಿಗೆಂದು ನೆಲಕ್ಕೆ ಹನಿ ಚೆಲ್ಲಿ ಕುಡಿದರು. ಮಾವ ನನ್ನ ಮುಖ ನೋಡದೆ ಒಳಗೆ ಹೋದರು. ನನ್ನನ್ನು ಸಾಕಿದವರು ಅವರು. ನನಗೆ ನೆನಪಿರುವಂತೆ ಮುಖ ತಿರುಗಿಸಿದ್ದು ಇದೇ ಮೊದಲು.

ಮೇ ಹದಿನೈದರ ಭಾನುವಾರ ಮಾವನೇ ಬಂದು ನನ್ನ ಕೋಣೆಯಲ್ಲಿ ಕೂರುತ್ತಾರೆ. ತಂತಿ ಅವರ ಕಣ್ಣೆದುರಿಗೆ ಇರುತ್ತದೆ. ನಾನು ಮನೆಯಲ್ಲಿ ಇರಬಾರದು ಎಂದಿದ್ದಾರೆ. ನಾಲ್ಕು ಗಂಟೆಗೆ ನೀನು ಸಿದ್ಧನಾಗಿರು.

ಮಾರ್ಚಿನಲ್ಲಿ ನಾನು ಕೇಳಿದ ಪತ್ರವನ್ನು ಆ ದಿನಕ್ಕೆ ಮೊದಲೇ ಕಳಿಸಲು ಇನ್ನೂ ಸಮಯವಿದೆ. ಇದು ಕೈಸೇರಿದ ದಿನವೇ ಬರೆದು ಬಸ್ಸಿಗೆ ಕೊಟ್ಟರೆ ಹದಿನೈದರೊಳಗೆ ಇಲ್ಲಿರುತ್ತದೆ. ಇದಕ್ಕಿಂತ ಹೆಚ್ಚು ನಾನು ಹೇಳಲಾರೆ.

ಅರಬಾ

*

ಟಮಾಲೆ
16 ಮೇ 2011

ಅರಬಾ,

ನಿನ್ನೆ ಆದದ್ದನ್ನು ಮಾವ ನಿನಗೆ ಹೇಳಿದರೋ ಇಲ್ಲವೋ.

ನಾಲ್ಕಕ್ಕೆ ಸರಿಯಾಗಿ ಚಿತ್ರ ಬಂತು. ಅವಳು ಕೂತಿದ್ದಳು, ಪಕ್ಕದಲ್ಲಿ ಮಾವ ಕೋಲು ಹಿಡಿದು ಕೂತಿದ್ದರು. ರಹಿನಾತುವಿಗೆ ಮಗುವನ್ನು ಕರೆದುಕೊಂಡು ಹಿತ್ತಲಿಗೆ ಹೋಗು ಅಂದಿದ್ದೆ. ಬಾಗಿಲೂ ಹಾಕಿದ್ದೆ. ಅಗುಳಿ ಹಾಕಿರಲಿಲ್ಲ.

"ಅವ್ವ, ಹೇಗಿದ್ದೀಯ?" ಅಂದೆ.

"ಚೆನ್ನಾಗಿದ್ದೀನಿ. ನಿಮ್ಮ ಮನೇಲಿರೋ ನ್ಯಾನಿಬಾನ ಕರೀರಿ. ನಾನು ನೋಡ್ಬೇಕು" ಅಂದಳು.

ಮಾವ ಅವಳ ಕಡೆ ನೋಡಿದರು. ಅವರಿಗೆ ಅರ್ಥವಾಗಲಿಲ್ಲ. "ಯಾವ ನ್ಯಾನಿಬಾ? ನ್ಯಾನಿಬಾ ಅಂದ್ರೆ ನೀನೇ ಅಲ್ವೇನವ್ವ?" ಅಂದೆ.

"ಅವತ್ತು ಒಬ್ರು ಹೆಂಗಸು ಕೂಗಿದ್ರು. ಅವರ ಮಾತು ನಂಗೆ ಅರ್ಥ ಆಗಲ್ಲ, ಆದ್ರೆ ನನ್ನ ಹೆಸರು ನಂಗೆ ಗೊತ್ತಾಗುತ್ತೆ. ಕುರ್ಚಿ ಹಿಂದೆ ಒಂದು ಕೈ ಬಂತು. ನೀವು ಅದನ್ನ ತಳ್ಳಿದ್ರಿ."

"ಅಂಥಾ ಹೆಸರಿನೋರು ಇಲ್ಲಿ ಯಾರೂ ಇಲ್ಲ" ಅಂದೆ. ಮಾವನ ಮುಂದೆ ಅಂದೆ.

ಆಗ ಅವಳು ಜೋರಾಗಿ ಕೂಗಿದಳು, ಸ್ಪೀಕರ್ ಒಡೆಯುವ ಹಾಗೆ. "ನ್ಯಾನಿಬಾ!"

ಬಾಗಿಲು ತೆರೆಯಿತು. ಚಿಕ್ಕವಳು ಕೈಯಲ್ಲಿ ಅರ್ಧ ತಿಂದ ಮಾವಿನಹಣ್ಣು ಹಿಡಿದು, ಯಾರೋ ಕರೆದರೆಂದು ಓಡಿಬಂದಳು. ನೇರವಾಗಿ ಬಂದು ನನ್ನ ತೊಡೆ ಹತ್ತಿ ಪರದೆ ನೋಡಿದಳು. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ದೊಡ್ಡವಳು ಬೆರಳು ಎತ್ತಿ, ಎಷ್ಟು ವರ್ಷ ಎಂಬಂತೆ ಸನ್ನೆ ಮಾಡಿದಳು. ಚಿಕ್ಕವಳಿಗೆ ಈಗಷ್ಟೇ ಕಲಿಸಿದ್ದೇವೆ, ನಾಲ್ಕು ಬೆರಳು ತೋರಿಸಿ ನಕ್ಕಳು.

"ಆಯ್ತು ತಾತ" ಎಂದು ಮಾವನಿಗೆ ಹೇಳಿ ಅವಳು ಎದ್ದುಹೋದಳು. ಮಾವ ಏಳಲಿಲ್ಲ. ಐದು ಗಂಟೆಯವರೆಗೂ ಅಲ್ಲೇ ಕೂತು ನನ್ನನ್ನು ನೋಡುತ್ತಿದ್ದರು. ನಾನೂ ಏಳಲಾರದೆ ಕೂತಿದ್ದೆ. ಅವಳ ಖಾಲಿ ಕುರ್ಚಿ ಚೆನ್ನಾಗಿ ಕಾಣುತ್ತಿತ್ತು. ಇಡೀ ಗಂಟೆ ಚಿತ್ರ ಒಂದು ಸಲವೂ ಕಡಿಯಲಿಲ್ಲ.

ನೀನು ಬಯ್ಯುವ ಮೊದಲು ನನ್ನ ಮಾತು ಕೇಳು. ನಮ್ಮಲ್ಲಿ ಮಗು ತಾಯಿಯ ಕುಲಕ್ಕೆ ಸೇರಿದ್ದು. ನಾವು ಬೇರೆಯಾದಾಗ ನೀನು ನ್ಯಾನಿಬಾಳನ್ನು ಕರೆದುಕೊಂಡು ನಿನ್ನ ಮಾವನ ಕಡೆಗೆ ಸೇರಿಕೊಂಡೆ. ನನ್ನ ತಾಯಿಯ ಹೆಸರೇ ನನ್ನ ಮನೆ ಬಿಟ್ಟುಹೋದ ಹಾಗಾಯಿತು. ಇಲ್ಲಿ ಉತ್ತರದವರಲ್ಲಿ ಮಗು ತಂದೆಯ ಕುಲಕ್ಕೆ. ಇಲ್ಲಿಯಾದರೂ ಆ ಹೆಸರು ನನ್ನ ಹತ್ತಿರ ಉಳಿಯಲಿ ಎಂದು ಇಟ್ಟೆ. ನನ್ನ ಸಂಕಟ ಯಾರಿಗೂ ಬೇಡವಾಯಿತು.

ಇವತ್ತೇ ಅವಳಿಗೆ ಪತ್ರ ಬರೆಯಲು ಕೂರುತ್ತೇನೆ. ನೀನು ಹೇಳಿದ ಹಾಗೆ, ಎಲ್ಲವನ್ನೂ ಬರೆಯುತ್ತೇನೆ. ತಂತಿ ಕಿತ್ತದ್ದು ಅವಳೇ ಎಂದು ಈಗ ತಿಳಿಯಿತು. ಹಿರಿಯರ ಮುಂದೆ ಮಾಡದ ತಪ್ಪನ್ನು ನೀನು ಯಾಕೆ ಒಪ್ಪಿಕೊಂಡೆ?

ಫಿಫಿ

*

ಕೇಪ್ ಕೋಸ್ಟ್
5 ಜೂನ್ 2011

ಫಿಫಿ ಎಸ್ಸಿಲ್ಫಿ ಅವರಿಗೆ,

ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಆಮೇಲೆ ನನ್ನಿಂದ ಪತ್ರ ಬರುವುದಿಲ್ಲ.

ಫೆಬ್ರವರಿ ಹದಿಮೂರರಂದು ನಾನು ಒಲೆಯ ಮುಂದಿದ್ದೆ. ಅವಳು ಗಣಿತದ ಪುಸ್ತಕ ಹಿಡಿದೇ ಬಂದಳು. "ಅಮ್ಮ, ಅಪ್ಪನ ಮನೇಲಿ ಇನ್ನೊಬ್ಬಳು ನ್ಯಾನಿಬಾ ಇದ್ದಾಳೆ" ಅಂದಳು. ನೀನು ತಪ್ಪು ಕೇಳಿಸಿಕೊಂಡಿದ್ದೀಯ ಎಂದು ಬೈದೆ. ಹೋಗಿ ನೋಡಿದರೆ ತಂತಿ ನೆಲದ ಮೇಲಿತ್ತು, ಅವಳೇ ಕಿತ್ತಿದ್ದಳು. ಮುಂದಿನ ಭಾನುವಾರದಿಂದ ಹೀಗೇ ನಡೆಯಿತು. ಮೂರೂವರೆಗೆ ಸ್ನಾನ ಮಾಡುತ್ತಾಳೆ, ಇಸ್ತ್ರಿ ಬಟ್ಟೆ ಹಾಕುತ್ತಾಳೆ, ಕುರ್ಚಿಯಲ್ಲಿ ಕೂರುತ್ತಾಳೆ. ನಾಲ್ಕಕ್ಕೆ ಐದು ನಿಮಿಷ ಇರುವಾಗ ತಂತಿ ಕಿತ್ತು ಮಡಿಲಲ್ಲಿಟ್ಟುಕೊಂಡು ಐದರವರೆಗೆ ಸುಮ್ಮನೆ ಕೂತಿರುತ್ತಾಳೆ. "ಅಪ್ಪಂಗೆ ಕೆಟ್ಟಿದೆ ಅಂತ ಬರೀ" ಅಂದಳು. ಬರೆದೆ. ಹದಿಮೂರು ವರ್ಷದಿಂದ ಬೇರೆಯವರ ತಪ್ಪು ಹುಡುಕಿ ಅನ್ನ ತಿನ್ನುವವಳು ನಾನು, ಗೊತ್ತಿದ್ದೂ ತಪ್ಪು ಬರೆದದ್ದು ಆ ಎರಡು ಪತ್ರಗಳಲ್ಲೇ. ಅವಳಿಗಾಗಿ ಬರೆದೆ. ನಿನಗಾಗಿಯೂ ಬರೆದೆ, ನಂಬುವುದು ಬಿಡುವುದು ನಿನ್ನಿಷ್ಟ. ನಿನ್ನ ಮಗಳೇ ನಿನ್ನ ಮುಖ ನೋಡಲಾರದೆ ತಂತಿ ಕೀಳುತ್ತಾಳೆ ಎಂದು ಬರೆಯಲು ನನಗೆ ಕೈ ಬರಲಿಲ್ಲ. ಅದಕ್ಕೇ ಅವಳಿಗೆ ನಿಜ ಬರೆ ಎಂದು ಎರಡು ಸಲ ಕೇಳಿಕೊಂಡೆ.

ಅಂಗಳದಲ್ಲಿ ತಪ್ಪು ಒಪ್ಪಿಕೊಂಡದ್ದಕ್ಕೂ ಕಾರಣ ಅದೇ. ಏಳು ಜನ ಗಂಡಸರು ಹೆಂಗಸರು ಕೂತು ಹನ್ನೊಂದು ವರ್ಷದವಳನ್ನು, ಯಾಕೆ ಕಿತ್ತೆ ಹೇಳು, ಎಂದು ಕೇಳುವುದು ನನಗೆ ಬೇಡವಾಗಿತ್ತು. ಹದಿನೈದರ ಸಂಜೆ ನ್ಯಾನಿಬಾಳಿಂದ ತಂತಿಯ ನಿಜ ಕೇಳಿದ ಮಾವ, ನಾನು ಹೋಗಿ ಕೂತಿದ್ದ ಮುದ್ರಣಾಲಯಕ್ಕೇ ಬಂದರು. ಗೇಟಿನ ಹೊರಗೆ ಬಿಸಿಲಲ್ಲಿ ನಿಂತು, "ನಿನ್ನ ಬಾಟಲಿ ಕುಡಿದುಬಿಟ್ಟೆವಲ್ಲ ಮಗಳೇ, ಈಗೇನು ಮಾಡೋದು" ಅಂದರು. ಅಷ್ಟು ದೊಡ್ಡ ಮನುಷ್ಯ ಅತ್ತರು.

ನಿನ್ನ ಸಂಕಟದ ವಿಷಯ. ನಾವು ಬೇರೆಯಾದ ಮೇಲೆ ಆ ಹೆಸರಿಟ್ಟೆ ಎಂದು ಬರೆದಿದ್ದೀಯ. ನಾವು ಬೇರೆಯಾಗಿ ಎರಡು ವರ್ಷವೂ ಆಗಿಲ್ಲ. ಆ ಮಗುವಿಗೆ ನಾಲ್ಕು. ನಾನು ಇದನ್ನು ಲೆಕ್ಕ ಹಾಕುವ ಮೊದಲೇ ಅವಳು ಹಾಕಿದ್ದಳು. "ನಂಗೆ ಏಳು ವರ್ಷ ಇದ್ದಾಗ ಕ್ರಿಸ್‌ಮಸ್‌ಗೆ ಬಂದು ಹೆಗಲ ಮೇಲೆ ಕೂರಿಸ್ಕೊಂಡು ಸಮುದ್ರ ತೋರಿಸಿದ್ರಲ್ಲ ಅಮ್ಮ, ಆಗ್ಲೇ ಅವಳು ಹುಟ್ಟಿದ್ಲು. ನನ್ನನ್ನ ಅವ್ವ ಅಂತ ಕೂಗ್ತಿದ್ರು, ಅಲ್ಲಿಗೆ ಹೋಗಿ ಅವಳನ್ನೂ ಕೂಗ್ತಿದ್ರು" ಅಂದಳು. ನಿನ್ನ ತಾಯಿಯ ಹೆಸರು ನಿನ್ನ ಮನೆ ಬಿಟ್ಟು ಹೋಗಿರಲಿಲ್ಲ ಫಿಫಿ. ಆಗ ಅದು ನಿನ್ನ ಹೆಗಲ ಮೇಲೆ ಕೂತಿತ್ತು.

ಮಗುವನ್ನು ನಾನು ಕಿತ್ತುಕೊಂಡೆ ಎಂದೂ ಬರೆದಿದ್ದೀಯ. ನಮ್ಮಲ್ಲಿ ಕುಲ ತಾಯಿಯದು, ಹೆಸರು ತಂದೆಯದು. ತಂದೆ ಅಂತ ಅವಳಿಗೆ ನೀನು ಕೊಡಬೇಕಾದದ್ದು ಅದೊಂದೇ. ಅದನ್ನೂ ನೀನು ಅವಳಿಗೆ ಉಳಿಸಲಿಲ್ಲ.

ಕಳೆದ ಬುಧವಾರ ಮುಂದಿನ ಶಾಲೆಗೆ ಹೆಸರು ಬರೆಸುವ ಅರ್ಜಿ ಬಂತು. ಅವಳೇ ತುಂಬಿದಳು. ಎಸಿ ಒಟೂ ಎಂದು ಬರೆದಿದ್ದಾಳೆ. ಹುಟ್ಟಿದ ವಾರಕ್ಕೊಂದು ಹೆಸರು ನಮ್ಮಲ್ಲಿ ತಾನಾಗಿಯೇ ಬರುತ್ತದಲ್ಲ, ಭಾನುವಾರ ಹುಟ್ಟಿದವಳು, ಹಾಗಾಗಿ ಎಸಿ. ಒಟೂ ನಮ್ಮ ಮಾವನ ಮನೆತನ. ಗುಮಾಸ್ತ ಹಳೆಯ ದಾಖಲೆ ನೋಡಿ, "ಇಲ್ಲಿ ನ್ಯಾನಿಬಾ ಎಸ್ಸಿಲ್ಫಿ ಅಂತಿದೆಯಲ್ಲ, ಅದು ಯಾರು?" ಎಂದು ಕೇಳಿದ. "ಬೇರೆ ಹುಡುಗಿ" ಅಂದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಬದಲಾವಣೆಗೆ ತಾಯಿಯ ಸಹಿ ಬೇಕು ಅಂದ. ಹಾಕಿದೆ.

ನಿನ್ನ ಪತ್ರ ಅವಳಿಗೆ ಮೊನ್ನೆ ಬಂತು. ದಪ್ಪ ಲಕೋಟೆ, ಬಹಳ ಬರೆದಿರಬೇಕು. ಮೇಲೆ ದೊಡ್ಡ ಅಕ್ಷರದಲ್ಲಿ 'ನನ್ನವ್ವ ನ್ಯಾನಿಬಾಳಿಗೆ' ಎಂದಿತ್ತು. ಕೈಯಲ್ಲಿ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದಳು. ಬೆಳಕಿಗೂ ಹಿಡಿದು ನೋಡಿದಳು. ಆಮೇಲೆ ನನ್ನ ಕೈಗೆ ಕೊಟ್ಟಳು.

"ಇದು ನಂಗೆ ಬಂದಿದ್ದಲ್ಲ ಅಮ್ಮ. ಟಮಾಲೆಯ ಹುಡುಗೀದು. ಅವಳಿಗೆ ಇನ್ನೂ ಓದೋಕೆ ಬರಲ್ಲ, ಅವರಪ್ಪನೇ ಓದಿ ಹೇಳ್ಲಿ. ವಾಪಸ್ ಕಳ್ಸು."

ಒಡೆದಿಲ್ಲ. ಈ ಪತ್ರದ ಜೊತೆಗೇ ಇಟ್ಟಿದ್ದೇನೆ.

ಅರಬಾ ಒಟೂ